ಸಂಬಳವೋ, ಫೀಸೋ? ಕನ್ಸಲ್ಟೆಂಟ್ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ತಿಳಿಯಬೇಕಾದದ್ದು

"ಪರ್ಮನೆಂಟ್ ಯಾಕೆ, ಕನ್ಸಲ್ಟೆಂಟ್ ಆಗಿ ಬನ್ನಿ. ಟ್ಯಾಕ್ಸ್ ಕಡಿಮೆ, ಕೈಗೆ ಬರೋದು ಜಾಸ್ತಿ." ಬೆಂಗಳೂರಿನ ಐಟಿ ಕಂಪನಿ, ಆಸ್ಪತ್ರೆ, ಕಾಲೇಜು, ಸುದ್ದಿಮನೆಗಳಲ್ಲಿ ಎಚ್‌ಆರ್‌ಗಳು ಆಡುವ ಮಾತಿದು. ನನ್ನ ಜೊತೆ ಎಂಜಿನಿಯರಿಂಗ್ ಓದಿದವರಲ್ಲಿ ಹಲವರು ಒಪ್ಪಿಕೊಂಡಿದ್ದಾರೆ. ಸಹಿ ಹಾಕುವ ಮುನ್ನ ಫೋನ್ ಮಾಡಿ ಕೇಳುವವರೂ ಇದ್ದಾರೆ. ಅವರಿಗೆ ನಾನು ಹೇಳೋದು ಇಷ್ಟೇ: ಇಲ್ಲಿರೋದು ಎರಡು ಪ್ರಶ್ನೆ. ತೆರಿಗೆ ಎಷ್ಟು ಅನ್ನೋದು ಒಂದು. ಕಾನೂನಿನ ಕಣ್ಣಲ್ಲಿ ನೀವು ಯಾರು ಅನ್ನೋದು ಇನ್ನೊಂದು. ಮೊದಲನೆಯದರ ಲಾಭ ತೋರಿಸಿ ಎರಡನೆಯದನ್ನು ಮರೆಸಲಾಗುತ್ತಿದೆ.

ತೆರಿಗೆಯ ಲೆಕ್ಕ

ನೌಕರರ ಸಂಬಳದಿಂದ 192ನೇ ಸೆಕ್ಷನ್ ಪ್ರಕಾರ, ಸ್ಲ್ಯಾಬ್‌ಗೆ ತಕ್ಕಂತೆ ಟಿಡಿಎಸ್ ಕಡಿತವಾಗುತ್ತದೆ. ಕನ್ಸಲ್ಟೆಂಟ್ ಫೀಸಿಗೆ ಅನ್ವಯಿಸೋದು 194ಜೆ. ವರ್ಷಕ್ಕೆ 50 ಸಾವಿರ ರೂಪಾಯಿ ದಾಟಿದರೆ ವೃತ್ತಿಪರ ಸೇವೆಗೆ 10%, ತಾಂತ್ರಿಕ ಸೇವೆಗೆ 2% ಕಡಿತ. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಎಲ್ಲರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಿದ್ದೇನೆ.)

ಆಕರ್ಷಣೆ ಇರೋದು 44ಎಡಿಎಯಲ್ಲಿ. ವರ್ಷದ ಗಳಿಕೆ 50 ಲಕ್ಷದೊಳಗಿದ್ದರೆ, ನಗದು ವ್ಯವಹಾರ 5% ಮೀರದಿದ್ದರೆ 75 ಲಕ್ಷದವರೆಗೂ, ಬಂದ ಹಣದ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು. ಖರ್ಚಿನ ಲೆಕ್ಕಪುಸ್ತಕ ಬೇಕಿಲ್ಲ.

ಒಂದು ಹೋಲಿಕೆ ನೋಡಿ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 24 ಲಕ್ಷ ಸಂಬಳದ ನೌಕರ, 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ, ಸೆಸ್ ಸೇರಿ 2,92,500 ರೂಪಾಯಿ ತೆರಿಗೆ ಕಟ್ಟಬೇಕು. ಅದೇ 24 ಲಕ್ಷವನ್ನು ಫೀಸ್ ರೂಪದಲ್ಲಿ ಪಡೆದವರಿಗೆ 44ಎಡಿಎ ಪ್ರಕಾರ ಆದಾಯ 12 ಲಕ್ಷ. 12 ಲಕ್ಷದವರೆಗೆ 87ಎ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಯಾರಿಗಾದರೂ ಆಸೆ ಆಗೋದು ಸಹಜ.

ಆದರೆ ಷರತ್ತುಗಳಿವೆ. ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಅಕೌಂಟೆನ್ಸಿ, ತಾಂತ್ರಿಕ ಸಲಹೆ, ಒಳಾಂಗಣ ವಿನ್ಯಾಸ, ಐಟಿ, ಸಿನಿಮಾ ಕಲಾವಿದರು ಹೀಗೆ ಗುರುತಿಸಿದ ವೃತ್ತಿಗಳಿಗಷ್ಟೇ ಇದು ಸಿಗುತ್ತದೆ. ಪತ್ರಿಕೋದ್ಯಮ ಆ ಪಟ್ಟಿಯಲ್ಲಿಲ್ಲ. ನನ್ನ ಬಳಿ ಎಂಜಿನಿಯರಿಂಗ್ ಪದವಿ ಇದ್ದರೂ, ಅಂಕಣ ಬರೆದು ಬಂದ ಹಣವನ್ನು 44ಎಡಿಎಯಲ್ಲಿ ತೋರಿಸೋಕೆ ಬರಲ್ಲ. ನೋಡೋದು ಪದವಿಯನ್ನಲ್ಲ, ಮಾಡುವ ಕೆಲಸವನ್ನು.

ಇನ್ನು ಜಿಎಸ್‌ಟಿ. ನೌಕರ ಮಾಲೀಕನಿಗೆ ಮಾಡುವ ಕೆಲಸಕ್ಕೆ ಜಿಎಸ್‌ಟಿ ಇಲ್ಲ. ಕನ್ಸಲ್ಟೆಂಟ್ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಸಾಮಾನ್ಯವಾಗಿ ಬಿಲ್ ಮೇಲೆ 18% ಸೇರಿಸಬೇಕು. ಮೇಲಿನ 24 ಲಕ್ಷದ ಉದಾಹರಣೆಗೂ ಇದು ಅನ್ವಯ. ಹಾಗಾಗಿ ಒಪ್ಪಂದದ ಮೊತ್ತ 'ಜಿಎಸ್‌ಟಿ ಹೊರತುಪಡಿಸಿ' ಎಂದು ಬರೆಸಿಕೊಳ್ಳಿ, ಇಲ್ಲದಿದ್ದರೆ ಅದು ನಿಮ್ಮ ಜೇಬಿನಿಂದಲೇ ಹೋದೀತು. ಟಿಡಿಎಸ್ ಕಳೆದು 10 ಸಾವಿರಕ್ಕಿಂತ ಹೆಚ್ಚು ತೆರಿಗೆ ಬಾಕಿ ಇದ್ದರೆ, 44ಎಡಿಎಯವರು ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು.

ಕಳೆದುಕೊಳ್ಳೋದು ಏನು?

ಕನ್ಸಲ್ಟೆಂಟ್‌ಗೆ ಪಿಎಫ್‌ನಲ್ಲಿ ಕಂಪನಿಯ ಪಾಲಿಲ್ಲ. ಸಂಬಳ ಸಹಿತ ರಜೆ ಇಲ್ಲ. 26 ವಾರಗಳ ಹೆರಿಗೆ ರಜೆ ಇಲ್ಲ. ಗ್ರಾಚ್ಯುಟಿ ಇಲ್ಲ. ಗ್ರಾಚ್ಯುಟಿ ಲೆಕ್ಕಕ್ಕೆ ಬರುವ ಕೊನೆಯ ವೇತನ ತಿಂಗಳಿಗೆ 60 ಸಾವಿರ, ಸೇವೆ 6 ವರ್ಷ ಅಂದ್ಕೊಳ್ಳಿ. ವರ್ಷಕ್ಕೆ 15 ದಿನದ ವೇತನದಂತೆ, ತಿಂಗಳಿಗೆ 26 ದಿನ ಹಿಡಿದರೆ ಅದೊಂದೇ ಸುಮಾರು 2.07 ಲಕ್ಷ. ಕೆಲಸದಿಂದ ತೆಗೆಯಲು ಒಪ್ಪಂದದಲ್ಲಿರುವ ನೋಟಿಸ್ ಅವಧಿ ಸಾಕು. ತೆರಿಗೆ ಉಳಿತಾಯವನ್ನು ಇದರ ಎದುರು ತೂಗಿ ನೋಡಬೇಕು. ಈ ವ್ಯವಸ್ಥೆಯಲ್ಲಿ ಕಂಪನಿಗಂತೂ ಉಳಿತಾಯ ಗ್ಯಾರಂಟಿ.

ಕೋರ್ಟ್ ನೋಡೋದು ಏನನ್ನು?

ಒಪ್ಪಂದದ ಮೇಲೆ 'ಕನ್ಸಲ್ಟೆಂಟ್' ಅಂತ ಬರೆದರೆ, 194ಜೆಯಲ್ಲಿ ಟಿಡಿಎಸ್ ಹಿಡಿದರೆ ಎಲ್ಲ ಮುಗೀತು ಅಂತ ಹಲವರು ನಂಬಿದ್ದಾರೆ. ಹಾಗಲ್ಲ. ಆಂಧ್ರಪ್ರದೇಶದ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ, ಹೊಲಿದ ಬಟ್ಟೆಗಿಷ್ಟು ಅಂತ ಕೂಲಿ ಪಡೆಯುತ್ತಿದ್ದ ದರ್ಜಿಗಳು ನೌಕರರೇ ಎಂದು 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಲಿಗೆ ಯಂತ್ರ ಅಂಗಡಿಯದ್ದು, ಕೆಲಸ ಸರಿಯಿಲ್ಲದಿದ್ದರೆ ತಿರಸ್ಕರಿಸುವ ಅಧಿಕಾರ ಮಾಲೀಕನದ್ದು. ಕೆಲವೊಮ್ಮೆ ಬಟ್ಟೆಯನ್ನು ಮನೆಗೆ ಒಯ್ದು ಹೊಲಿಯುತ್ತಿದ್ದರು ಅನ್ನೋದು ಆ ತೀರ್ಮಾನವನ್ನು ಬದಲಿಸಲಿಲ್ಲ. ಲ್ಯಾಪ್‌ಟಾಪ್ ಕಂಪನಿಯದ್ದಾಗಿ, ಮನೆಯಿಂದ ಕೆಲಸ ಮಾಡುವವರು ಈ ತೀರ್ಪನ್ನು ಗಮನಿಸಬೇಕು.

ಇನ್ನೊಂದು ಬದಿಯೂ ಇದೆ. ಮಣಿಪಾಲ್ ಹೆಲ್ತ್ ಸಿಸ್ಟಮ್ಸ್ ಪ್ರಕರಣದಲ್ಲಿ, ಕನ್ಸಲ್ಟೆಂಟ್ ವೈದ್ಯರಿಗೆ ಆಸ್ಪತ್ರೆ ಕೊಟ್ಟದ್ದು ಸಂಬಳವಲ್ಲ, ವೃತ್ತಿಪರ ಫೀಸ್ ಎಂದು ಕರ್ನಾಟಕ ಹೈಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. ಅಂದ್ರೆ ಎಲ್ಲ ಕನ್ಸಲ್ಟೆಂಟ್ ಒಪ್ಪಂದವೂ ನಾಟಕವಲ್ಲ. ಯಾವುದೋ ಒಂದು ಅಂಶ ಇಲ್ಲಿ ನಿರ್ಣಾಯಕವಲ್ಲ. ನಿಯಂತ್ರಣ ಯಾರದ್ದು, ಉಪಕರಣ ಯಾರದ್ದು, ಲಾಭ-ನಷ್ಟದ ಹೊಣೆ ಯಾರದ್ದು, ಆ ಕೆಲಸ ಸಂಸ್ಥೆಯ ದೈನಂದಿನ ವ್ಯವಹಾರದ ಭಾಗವೇ ಎಂಬುದನ್ನೆಲ್ಲ ಒಟ್ಟಿಗೆ ನೋಡುತ್ತಾರೆ.

ಇದು ಎರಡೂ ಕಡೆ ಕೊಯ್ಯುವ ಕತ್ತಿ. ವಾಸ್ತವದಲ್ಲಿ ನೀವು ನೌಕರರೇ ಎಂದಾದರೆ ಹಕ್ಕು ಕೇಳಬಹುದು. ಆದರೆ ತೆರಿಗೆ ಇಲಾಖೆಯೂ ಆ ಹಣವನ್ನು ಸಂಬಳ ಎಂದು ಪರಿಗಣಿಸಿ, 44ಎಡಿಎ ನಿರಾಕರಿಸಿ, ಬಾಕಿಯನ್ನು ಬಡ್ಡಿ ಸಮೇತ ಕೇಳಬಹುದು.

ಗಿಗ್ ಕಾರ್ಮಿಕರ ಮಧ್ಯದ ದಾರಿ

ಡೆಲಿವರಿ, ಕ್ಯಾಬ್ ಆ್ಯಪ್‌ಗಳಲ್ಲಿ ದುಡಿಯುವವರು ನೌಕರರೋ ಅಲ್ಲವೋ ಎಂಬ ಪ್ರಶ್ನೆಯನ್ನು ಬಗೆಹರಿಸದೆಯೇ ಒಂದಿಷ್ಟು ರಕ್ಷಣೆ ಕೊಡಲಾಗಿದೆ. 2025ರ ಕರ್ನಾಟಕದ ಕಾಯ್ದೆ ಪ್ರಕಾರ, ಕಾರ್ಮಿಕರಿಗೆ ಸಲ್ಲುವ ಹಣದ 1ರಿಂದ 5% ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯಲು 14 ದಿನಗಳ ನೋಟಿಸ್ ಕೊಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ ಇಂಥ ಕಂಪನಿಗಳಿಂದ ವಂತಿಗೆ ಕೇಳುತ್ತದೆ. ಆದರೆ ಕಚೇರಿಯಲ್ಲಿ ಕೂತು ಕೆಲಸ ಮಾಡುವ ಕನ್ಸಲ್ಟೆಂಟ್‌ಗೆ ಈ ಕಲ್ಯಾಣ ನಿಧಿಯೂ ಇಲ್ಲ, ನೌಕರನ ಹಕ್ಕುಗಳೂ ಇಲ್ಲ. ಮಾತಾಡೋ ಸಂಘವೂ ಇಲ್ಲ.

ಸಹಿಗೆ ಮುನ್ನ ಕೇಳಿಕೊಳ್ಳಿ

ಬೇರೆ ಕಡೆ ಕೆಲಸ ಮಾಡಲು ಒಪ್ಪಂದ ಬಿಡುತ್ತದೆಯೇ? ಹಾಜರಾತಿ, ರಜೆ, ಸಮಯ ಯಾರ ಕೈಲಿದೆ? ಪ್ರತಿ ತಿಂಗಳು ನಾನು ಬಿಲ್ ಕೊಡುತ್ತೇನೆಯೇ? ಕಳೆದುಕೊಳ್ಳುವ ಪಿಎಫ್, ವಿಮೆ, ರಜೆಯ ಬೆಲೆ ಫೀಸಿನಲ್ಲಿ ಸೇರಿದೆಯೇ?

ಉತ್ತರಗಳು ಸ್ವತಂತ್ರ ವೃತ್ತಿಪರರದ್ದಾಗಿದ್ದರೆ ಧೈರ್ಯವಾಗಿ ಸಹಿ ಹಾಕಿ, ತೆರಿಗೆ ಲಾಭವನ್ನೂ ಪಡೆಯಿರಿ. ಒಬ್ಬರೇ ಬಾಸ್, ಒಂದೇ ಕಚೇರಿ, ಅದೇ ಪಂಚಿಂಗ್ ಮಷಿನ್ ಆಗಿದ್ದರೆ ಫೀಸು ಹೆಚ್ಚಿಸಿ ಎಂದಾದರೂ ಕೇಳಿ, ನೌಕರಿ ಕೊಡಿ ಎಂದಾದರೂ ಕೇಳಿ. ಕೆಲಸದ ಇಮೇಲ್, ಹಾಜರಾತಿ ದಾಖಲೆಗಳನ್ನು ಮಾತ್ರ ಜೋಪಾನವಾಗಿಡಿ. ನಾಳೆ ವ್ಯಾಜ್ಯವಾದರೆ ಸಾಕ್ಷಿ ಅವೇ.