ಎಲ್ಲಿ ಇಟ್ಟಿದೀಯ ಅದನ್ನ?

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ, ಅಜ್ಜನ ಮಂಚದ ಪಕ್ಕ ನಾನಿಟ್ಟಿದ್ದ ಪುಟ್ಟ ಪರದೆಯಲ್ಲಿ 41 ಡಿಗ್ರಿ ಎಂದು ಮೂಡಿತು. ಕೊಪ್ಪ ತಾಲ್ಲೂಕಿನ ನಮ್ಮೂರಲ್ಲಿ ಅಂಥ ಸೆಕೆಯನ್ನು ಯಾರೂ ಕಂಡಿರಲಿಲ್ಲ. ಅಜ್ಜ ಕನ್ನಡಕ ಸರಿಮಾಡಿಕೊಂಡು ನೋಡಿದರು. ಯಂತ್ರ ಹೇಗೆ ಕೆಲಸ ಮಾಡುತ್ತದೆ, ಎಷ್ಟು ಖರ್ಚಾಯಿತು ಎಂದೆಲ್ಲ ಕೇಳಲಿಲ್ಲ. "ಎಲ್ಲಿ ಇಟ್ಟಿದೀಯ ಅದನ್ನ, ಮಾರಾಯ್ತಿ?" ಎಂದರು, ಅಷ್ಟೇ.

ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನನಗೆ ಹವಾಮಾನ ಯಂತ್ರದ ಉಸಾಬರಿ ಬಂದದ್ದು ಅಜ್ಜನ ಮಂಡಿನೋವಿನಿಂದ. ಮಲೆನಾಡು, ಕೊಡಗಿನ ಎಷ್ಟೋ ತೋಟದ ಮನೆಗಳಂತೆ ನಮ್ಮಲ್ಲೂ ಅಂಗಳದಾಚೆ ಒಂದು ಮಳೆಮಾಪಕವಿದೆ. ಅಜ್ಜ ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರು ಅಳೆದು, ಇಂಚು–ಸೆಂಟಿನ ಲೆಕ್ಕದಲ್ಲಿ ಡೈರಿಗೆ ಬರೆಯುತ್ತ ಬಂದವರು. ಅಡಿಕೆಗೆ ಕೊಳೆರೋಗದ ಔಷಧಿ ಯಾವಾಗ ಹೊಡೆಸಬೇಕು ಎಂಬುದೆಲ್ಲ ಆ ಡೈರಿಯ ಜೊತೆ ಮಾತಾಡಿಯೇ ತೀರ್ಮಾನವಾಗುತ್ತಿತ್ತು. ಮೆಟ್ಟಿಲಿಳಿಯುವುದು ಅಸಾಧ್ಯವಾದ ಮೇಲೆ ಅವರು ಮಂಚದಿಂದಲೇ ಎಲ್ಲರನ್ನೂ ಕೂಗಿ ಕೇಳಲು ಶುರುಮಾಡಿದರು. ಹೊರಗಿನ ಹವೆಯನ್ನೇ ಒಳಗೆ ತಂದುಕೊಟ್ಟರೆ ಹೇಗೆ ಅನ್ನಿಸಿತು.

ಗೆಳತಿಯೊಬ್ಬಳು ಸರ್ಕ್ಯೂಟ್ ಹೇಳಿಕೊಟ್ಟಳು. ಹೊರಗೆ ತಾಪ ಮತ್ತು ತೇವ ಗ್ರಹಿಸುವ ಬೆರಳುದ್ದದ ಸೆನ್ಸರ್; ಮಳೆಗೆ ತಕ್ಕಡಿಯಂತೆ ಅತ್ತಿತ್ತ ವಾಲುವ ಜೋಡಿ ಬಟ್ಟಲು, ಒಮ್ಮೆ ವಾಲಿದರೆ ಒಂದು ಲೆಕ್ಕ. ನಮ್ಮ ದಪ್ಪ ಮಣ್ಣಿನ ಗೋಡೆಗೆ ವೈ-ಫೈ ಸೋತಿತು. 433 ಮೆಗಾಹರ್ಟ್ಸ್‌ನ ಪುಟ್ಟ ರೇಡಿಯೊ ಗೆದ್ದಿತು. ಒಳಗೆ ಆರ್ಡುಯಿನೊ ಬೋರ್ಡು, ಪರದೆ. ಅಂಕಿ ಬೆಳಗಿದಾಗ ಮನೆಮಂದಿಯೆಲ್ಲ ಬಂದು ನೋಡಿದರು. ಹೊರಗಿನ ಪೆಟ್ಟಿಗೆಯನ್ನು ನಾನು ಇಟ್ಟದ್ದು ಕೈಗೆ ಸುಲಭವಾಗಿ ಸಿಕ್ಕ ಜಾಗದಲ್ಲಿ, ಬಚ್ಚಲುಮನೆಯ ತಗಡಿನ ಮೇಲೆ.

ಥರ್ಮಾಮೀಟರ್ ಗಾಳಿಯ ಬಿಸಿಯನ್ನು ಹೇಳುತ್ತದೆ ಎಂದುಕೊಳ್ಳುತ್ತೇವೆ. ಅದು ಹೇಳುವುದು ತನ್ನ ಬಿಸಿಯನ್ನು ಮಾತ್ರ. ಬಿಸಿಲಿಗಿಟ್ಟರೆ ಬಿಸಿಲಿನದು, ತಗಡಿಗೆ ತಾಗಿಸಿದರೆ ತಗಡಿನದು. 19ನೇ ಶತಮಾನದ ವೀಕ್ಷಕರನ್ನು ಕಾಡಿದ್ದೂ ಇದೇ: ಒಬ್ಬರು ಕಿಟಕಿಗೆ, ಇನ್ನೊಬ್ಬರು ಗೋಡೆಗೆ ತೂಗುಹಾಕಿದ ಉಪಕರಣಗಳ ಅಂಕಿಗಳನ್ನು ಹೋಲಿಸುವುದು ಹೇಗೆ? ಇದಕ್ಕೊಂದು ದಾರಿ ತೋರಿದವನು ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್. 'ಟ್ರೆಷರ್ ಐಲ್ಯಾಂಡ್' ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ತಂದೆ. 1864ರ ಹೊತ್ತಿಗೆ ಅವನು ರೂಪಿಸಿದ್ದು ಕಾಲುಗಳ ಮೇಲೆ ನಿಂತ, ಬಿಳಿ ಬಣ್ಣದ, ಜೋಡಿ ಪಟ್ಟಿಗಳ ಜಾಲಂದ್ರದ ಮರದ ಪೆಟ್ಟಿಗೆ. ಗಾಳಿ ಒಳಬರಬೇಕು, ಬಿಸಿಲು ಬರಬಾರದು. ಬಾಗಿಲು ತೆರೆದಾಗಲೂ ಬಿಸಿಲು ಬೀಳದಂತೆ ನಮ್ಮ ಗೋಳಾರ್ಧದಲ್ಲಿ ಅದನ್ನು ಉತ್ತರಕ್ಕೆ ಇಡುತ್ತಾರೆ. ಸ್ಟೀವನ್‌ಸನ್ ಹೊಸದೇನನ್ನೂ ಅಳೆಯಲಿಲ್ಲ. ಅಳೆಯುವುದಕ್ಕೆ ಎಲ್ಲೆಡೆ ಒಂದೇ ಬಗೆಯ ನೆರಳು ಮಾಡಿಕೊಟ್ಟ.

ಆಗ ಓದುವವರು ಪೆಟ್ಟಿಗೆಯ ಬಳಿಗೇ ಹೋಗುತ್ತಿದ್ದರು. ಸುತ್ತ ಮರ ಬೆಳೆದಿದ್ದರೆ, ಗೋಡೆ ಎದ್ದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ರೇಡಿಯೊ ಬಂದು ಉಪಕರಣವನ್ನೂ ಕಣ್ಣನ್ನೂ ದೂರಮಾಡಿತು. ಫ್ರಾನ್ಸಿನ ರಾಬರ್ಟ್ ಬ್ಯೂರೊ 1929ರಲ್ಲಿ, ಸೋವಿಯತ್ ರಷ್ಯಾದ ಪಾವೆಲ್ ಮೊಲ್ಚನೊವ್ 1930ರಲ್ಲಿ ಬಲೂನಿಗೆ ಉಪಕರಣ ಕಟ್ಟಿ ಹಾರಿಬಿಟ್ಟು, ಮೇಲಿನ ಹವೆಯ ಸುದ್ದಿಯನ್ನು ರೇಡಿಯೊ ಸಂಕೇತಗಳಲ್ಲಿ ನೆಲದ ಮೇಲೆ ಕುಳಿತೇ ಪಡೆದರು. 1943ರ ಅಕ್ಟೋಬರಿನಲ್ಲಿ ಜರ್ಮನಿಯ ಯು-537 ಜಲಾಂತರ್ಗಾಮಿಯ ಸಿಬ್ಬಂದಿ ಇಂದಿನ ಕೆನಡಾದ ಲ್ಯಾಬ್ರಡಾರ್ ತೀರದಲ್ಲಿ ಕಳ್ಳತನದಿಂದ ಒಂದು ನಿಸ್ತಂತು ಹವಾಮಾನ ಕೇಂದ್ರವನ್ನೇ ನೆಟ್ಟರು. ಮೂರು ಗಂಟೆಗೊಮ್ಮೆ ಸುದ್ದಿ ಕಳಿಸಬೇಕಿದ್ದ ಅದು ಕೆಲವೇ ವಾರಗಳಲ್ಲಿ ನಿಷ್ಪ್ರಯೋಜಕವಾಯಿತು. ಅದು ಏನೆಂದು ಗುರುತಿಸಿದ್ದು 1981ರಲ್ಲಿ. ಈಗ ಒಟ್ಟಾವಾದ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ. ಯಾರೂ ಮರಳಿ ಹೋಗಿ ನೋಡಲಾಗದ ಉಪಕರಣದ ಮಾತನ್ನು ನಂಬುವುದಾದರೆ, ಕಳಿಸುವ ಮೊದಲೇ ಅದನ್ನು ಪರೀಕ್ಷಿಸಿರಬೇಕು.

ನಮ್ಮ ದೇಶದಲ್ಲಿ ಈ ಪರೀಕ್ಷೆಯನ್ನು ಬದುಕಾಗಿಸಿಕೊಂಡವರು ಅಣ್ಣಾ ಮಣಿ. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಭ್ಯಸಿಸಿದರು. 1945ರಲ್ಲಿ ಪ್ರಬಂಧ ಸಲ್ಲಿಸಿದಾಗ, ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಪಿಎಚ್‌.ಡಿ. ಕೊಡಲಿಲ್ಲ. ಪ್ರಬಂಧದ ಅಧ್ಯಾಯಗಳ ನಡುವೆ ಒದ್ದಾಡುತ್ತಿರುವ ನನಗೆ ಈ ಸಾಲನ್ನು ದಾಟಿ ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಯಿತು. ಲಂಡನ್ನಿಗೆ ಹೋಗಲು ಅವರಿಗೆ ಸಿಕ್ಕಿದ್ದು ಹವಾಮಾನ ಉಪಕರಣಗಳ ಅಧ್ಯಯನಕ್ಕಿದ್ದ ವಿದ್ಯಾರ್ಥಿವೇತನ. ಕಲಿತು ಬಂದು 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಸರಳ ಉಪಕರಣಗಳೂ ಹೊರದೇಶದಿಂದ ಬರುತ್ತಿದ್ದ ಕಾಲ. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಅವು ಇಲ್ಲಿಯೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂಬುದು ಅವರ ನಿಲುವಾಗಿತ್ತು. 1976ರಲ್ಲಿ ನಿವೃತ್ತರಾದ ನಂತರವೂ ಬೆಂಗಳೂರಿನಲ್ಲಿ ಗಾಳಿ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳ ಕಾರ್ಯಾಗಾರ ನಡೆಸಿದರು.

ಅಜ್ಜ ಅಣ್ಣಾ ಮಣಿಯವರ ಹೆಸರು ಕೇಳಿದವರಲ್ಲ. ಆದರೆ ನನ್ನ ಯಂತ್ರಕ್ಕೆ ಅವರು ಮಾಡಿಸಿದ್ದು ಅದೇ ಶಿಸ್ತಿನ ಕೆಲಸ. ದಾಖಲೆ ತೆಗೆದು ನೋಡಿದರೆ ಮಧ್ಯಾಹ್ನದ ಏರಿಕೆಯ ಜೊತೆಗೆ ದಿನಾ ಬೆಳಿಗ್ಗೆ ಆರಕ್ಕೂ ಒಂದು ಸಣ್ಣ ಉಬ್ಬು: ಬಚ್ಚಲ ಒಲೆಗೆ ಬೆಂಕಿ ಹಾಕುವ ಹೊತ್ತು! ಪೆಟ್ಟಿಗೆಯನ್ನು ಅಂಗಳದಾಚೆಯ ಬಯಲಿಗೆ ಒಯ್ದು ಕಂಬದ ಮೇಲೆ ನಿಲ್ಲಿಸಿದೆ. ಹೂಕುಂಡದಡಿ ಇಡುವ ಬಿಳಿ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ಸಂದು ಬಿಟ್ಟು ಪೇರಿಸಿ, ಸೆನ್ಸರನ್ನು ಒಳಗಿಟ್ಟೆ. ಸ್ಟೀವನ್‌ಸನ್ನನ ಪೆಟ್ಟಿಗೆಯ ಬಡ ಮೊಮ್ಮಗಳು. ಎರಡು ವಾರ ಪಕ್ಕದಲ್ಲೇ ಅಜ್ಜನ ಹಳೆಯ ಪಾದರಸದ ಥರ್ಮಾಮೀಟರ್ ಇಟ್ಟು, ಎರಡನ್ನೂ ಓದಿ ಅವರಿಗೆ ಒಪ್ಪಿಸಿದೆ. ವ್ಯತ್ಯಾಸ ಒಂದು ಡಿಗ್ರಿಯೊಳಗೆ ನಿಂತ ಮೇಲೆ "ಹೂಂ" ಎಂದರು.

ಆ ದಿನಗಳಲ್ಲೇ ಅವರ ಹಳೆಯ ಡೈರಿಗಳನ್ನು ತಿರುವಿಹಾಕಿದೆ. 1994ರ ಜೂನ್ ಪುಟವೊಂದರಲ್ಲಿ ಕೆಂಪು ಶಾಯಿಯ ಅಡ್ಡಗೆರೆ. ಕೆಳಗೆ: "ಕೊಟ್ಟಿಗೆ ಕಟ್ಟುವ ಕೆಲಸ. ಮಾಪಕ ಮಾಡಿನ ಹತ್ತಿರ ಇಟ್ಟಿದೆ. ಲೆಕ್ಕ ನಂಬಬೇಡಿ." ಮರುವರ್ಷ ಇನ್ನೊಂದು ಕೆಂಪು ಗೆರೆ: "ಮೊದಲಿನ ಜಾಗಕ್ಕೆ ಬಂತು." ಆಕರವನ್ನು ನಂಬುವ ಮೊದಲು ಅದು ಎಲ್ಲಿ, ಯಾರ ಕೈಯಲ್ಲಿ, ಯಾವ ಸ್ಥಿತಿಯಲ್ಲಿ ಹುಟ್ಟಿತೆಂದು ಕೇಳಬೇಕು ಎಂದು ಸಂಶೋಧನಾ ವಿಧಾನದ ತರಗತಿಯಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಕೇಳಿದ್ದೆ. ಪರದೆಯಲ್ಲಿ ಚೊಕ್ಕವಾಗಿ ಹೊಳೆಯುವ ಅಂಕಿಗೆ ಆ ಪ್ರಶ್ನೆ ಕೇಳಲು ಮಾತ್ರ ನನಗೆ ಹೊಳೆದಿರಲಿಲ್ಲ.

ಈಗಲೂ ಬೆಳಿಗ್ಗೆ ಎಂಟೂವರೆಗೆ ಅಮ್ಮ ಹಳೆಯ ಮಾಪಕದ ನೀರು ಅಳೆದು ಬಂದು ಹೇಳುತ್ತಾಳೆ. ಅಜ್ಜ ಪರದೆಯ ಲೆಕ್ಕವನ್ನೂ ನೋಡಿ, ಎರಡನ್ನೂ ಬರೆದುಕೊಳ್ಳುತ್ತಾರೆ. ಕಳೆದ ಏಪ್ರಿಲ್‌ನ ಪುಟದಲ್ಲಿ, ನನ್ನ 41 ಡಿಗ್ರಿಯ ಎದುರು ಕೆಂಪು ಶಾಯಿಯಲ್ಲಿ ಹೀಗಿದೆ: "ಬಚ್ಚಲ ತಗಡಿನ ಮೇಲೆ."