ಮಕ್ಕಳ ನಡುವಿನ ಸೈಬರ್ ಕಿರುಕುಳ: ಮನೆ ಮತ್ತು ಶಾಲೆಯ ಹೊಣೆ

ಸ್ವರೂಪ

ಸಹಪಾಠಿಯ ಫೋಟೊ ತಿದ್ದಿ ಸ್ಟೇಟಸ್‌ಗೆ ಹಾಕುವುದು, ಅವಳ ಹೆಸರಲ್ಲಿ ನಕಲಿ ಇನ್‌ಸ್ಟಾಗ್ರಾಂ ಖಾತೆ ತೆರೆಯುವುದು, ಜಾತಿ ಅಥವಾ ಮೈಬಣ್ಣ ಹಿಡಿದು ಗ್ರೂಪಿನಲ್ಲಿ ಹೀಯಾಳಿಸುವುದು ಸೈಬರ್ ಕಿರುಕುಳದ ಸಾಮಾನ್ಯ ರೂಪಗಳು. ಶಾಲೆಯ ಗಂಟೆ ಬಾರಿಸಿದರೂ ಇದು ನಿಲ್ಲದು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಎಷ್ಟೋ ಮಕ್ಕಳ ಕೈಗೆ ಬಂದ ಫೋನ್ ಅಲ್ಲೇ ಉಳಿಯಿತು.

ಮಕ್ಕಳು ಏಕೆ ಹೇಳುವುದಿಲ್ಲ

 ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಎಲ್ಲರೂ ಎಲ್ಲರಿಗೂ ಗುರುತು; ಒಂದು ಫೋಟೊ ಹರಿದಾಡಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ಫೋನ್ ಅಪ್ಪನದೋ ಅಣ್ಣನದೋ ಆಗಿದ್ದರೆ ಹುಡುಗಿ ಗುಟ್ಟಾಗಿ ದೂರು ಕೊಡುವುದೂ ಕಷ್ಟ. ಹೇಳಿದರೆ ಫೋನ್ ಕಸಿದುಕೊಳ್ಳುತ್ತಾರೆ, ಸಾಲಿ ಬಿಡಿಸುತ್ತಾರೆ, ಬೇಗ ಮದುವೆ ಮಾಡಿಬಿಡುತ್ತಾರೆ ಎಂಬ ಭಯ ಅವಳ ಬಾಯಿ ಕಟ್ಟುತ್ತದೆ. ನೊಂದವಳಿಗೇ ಶಿಕ್ಷೆ ಎಂಬ ಈ ಅಂಜಿಕೆಯೇ ಕಿರುಕುಳ ಕೊಡುವವರ ದೊಡ್ಡ ಬಲ. ಆದ್ದರಿಂದ ‘ನಿನ್ನ ತಪ್ಪಿಲ್ಲ, ಸಾಲಿ ಬಿಡಿಸೂದಿಲ್ಲ’ ಎಂಬ ಮಾತು ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕು.

ಸಾಕ್ಷ್ಯ

ಸಿಟ್ಟಿನಲ್ಲಿ ಮೆಸೇಜ್ ಅಳಿಸಬಾರದು. ದಿನಾಂಕ, ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಬೇಕು. ಮಗುವಿನ ಅಶ್ಲೀಲ ಚಿತ್ರವಾದರೆ ಮಾತ್ರ ಸ್ಕ್ರೀನ್‌ಶಾಟ್ ಬೇಡ. ಸಾಕ್ಷಿಗೆಂದೂ ಯಾರಿಗೂ ಕಳಿಸಬೇಡಿ. ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಅಂಥ ಚಿತ್ರ ಹಂಚುವುದು ಅಪರಾಧ. ಫೋನನ್ನೇ ಪೊಲೀಸರಿಗೆ ತೋರಿಸಿ.

ಶಾಲೆಯಲ್ಲಿ

ಪ್ರಾರ್ಥನೆ ವೇಳೆ ಹೆಸರು ಹಿಡಿದು ಬೈಯುವುದು, ಪಾಲಕರ ಗ್ರೂಪಿನಲ್ಲಿ ಚರ್ಚಿಸುವುದು ನೊಂದ ಮಗುವಿಗೆ ಎರಡನೆಯ ಅವಮಾನ. ಮುಖ್ಯ ಶಿಕ್ಷಕರು ನೊಂದ ಮಗು, ಕಿರುಕುಳ ಕೊಟ್ಟ ಮಗು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಲಿ. ಫಾರ್ವರ್ಡ್ ಮಾಡಿ ನಕ್ಕವರನ್ನೂ ಬಿಡಬಾರದು, ಅವರಿಲ್ಲದೆ ಕಿರುಕುಳ ಬೆಳೆಯುವುದಿಲ್ಲ. ಯಾರ ಹೆಸರೂ ಎತ್ತದೆ ಈ ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಗೂ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಗೂ ತರಬಹುದು.

ಕಾನೂನು ಮತ್ತು ನೆರವು

ಖಾಸಗಿ ಅಂಗಾಂಗದ ಚಿತ್ರ ಒಪ್ಪಿಗೆಯಿಲ್ಲದೆ ತೆಗೆದರೆ ಅಥವಾ ಹಂಚಿದರೆ ಐಟಿ ಕಾಯ್ದೆಯ 66ಇ ಕಲಂ ಅನ್ವಯಿಸುತ್ತದೆ. ಮಗುವಿಗೆ ಲೈಂಗಿಕ ಕಿರುಕುಳವಾಗಿದ್ದರೆ 2012ರ ಪೋಕ್ಸೊ ಕಾಯ್ದೆ. ಪೋಕ್ಸೊ ಅಪರಾಧ ಗೊತ್ತಾದ ಶಿಕ್ಷಕರು ವರದಿ ಮಾಡಲೇಬೇಕು, ರಾಜಿ ಪಂಚಾಯಿತಿಗೆ ಅವಕಾಶವಿಲ್ಲ. ಐಟಿ ಕಾಯ್ದೆಯ 66ಎ ಕಲಮನ್ನು ಮಾತ್ರ ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ, ಅದರಡಿ ದೂರು ನಿಲ್ಲದು. ಆರೋಪಿ 18 ತುಂಬದವನಾದರೆ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅವನಿಗೂ ತಿದ್ದಿಕೊಳ್ಳುವ ಅವಕಾಶ ಬೇಕು.

ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930, ತುರ್ತಿಗೆ 112. ಊಟ ನಿದ್ದೆ ಬಿಟ್ಟ, ಸಾಯುವ ಮಾತಾಡುವ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ತಕ್ಷಣ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.