ಕಣದಲ್ಲಿ ಹುಟ್ಟಿದ ಅರ್ಥಶಾಸ್ತ್ರ

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ರೈತ ಮನೆತನದ ವಿದ್ಯಾರ್ಥಿಯೊಬ್ಬನು ಕೆಲವು ವರ್ಷಗಳ ಹಿಂದೆ ಸಂಸ್ಕೃತಾಭ್ಯಾಸಕ್ಕೆಂದು ನನ್ನಲ್ಲಿಗೆ ಬರುತ್ತಿದ್ದನು. ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕವೂ ಅವನ ಚೀಲದಲ್ಲಿರುತ್ತಿತ್ತು. ಬೇಡಿಕೆಯ ನಿಯಮ, ಪೂರೈಕೆಯ ನಿಯಮಗಳನ್ನು ಅಮರಕೋಶದಂತೆ ತಡೆಯಿಲ್ಲದೆ ಒಪ್ಪಿಸುವನು. ಒಂದು ದಿನ ಪಾಠದ ನಡುವೆ ಕೇಳಿದನು: “ಶಾಸ್ತ್ರಿಗಳೇ, ಕೊಯ್ಲು ಮುಗಿದೊಡನೆ ಅಪ್ಪ ಭತ್ತ ಮಾರಿಬಿಡುತ್ತಾರೆ. ಎರಡು ತಿಂಗಳು ಕಾದರೆ ಬೆಲೆ ಏರಬಹುದೆಂದು ಅವರಿಗೂ ಗೊತ್ತು. ಆದರೂ ಕಾಯುವುದಿಲ್ಲವೇಕೆ?” ಇದಕ್ಕೆ ಉತ್ತರವು ಅವನ ಪುಸ್ತಕದಲ್ಲಿ ಇದ್ದಿರಲೂಬಹುದು, ಆದರೆ ಅವನಿಗೆ ಅದು ಕಂಡಿರಲಿಲ್ಲ. ನಾನು ಅವನಿಗೆ ನಿಯಮವನ್ನು ಬಿಟ್ಟು ಇತಿಹಾಸವನ್ನು ಹೇಳಬೇಕಾಯಿತು.

ಹರಿಹರದ ಬಳಿ ತುಂಗಭದ್ರೆಯು ಒಂದು ಕಾಲದಲ್ಲಿ ಎರಡು ರಾಜ್ಯಗಳ ಗಡಿಯಾಗಿದ್ದಿತು. ಈಚೆಯ ದಡವು ಮೈಸೂರು ಸಂಸ್ಥಾನ. ಆಚೆಯ ದಡವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಆ ಜಿಲ್ಲೆಯ ಗದಗು ತಾಲ್ಲೂಕಿನ ಕಣಗಿನಹಾಳದಲ್ಲಿ 1905ನೆಯ ಮೇ 8ರಂದು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಸಹಕಾರಿ ಪತ್ತಿನ ಸಂಘವು ನೋಂದಣಿಯಾಯಿತು. ಹಿಂದಿನ ವರ್ಷವಷ್ಟೇ, ಎಂದರೆ 1904ರಲ್ಲಿ, ಸರಕಾರವು ಇದಕ್ಕೆ ಕಾಯಿದೆಯನ್ನು ಮಾಡಿತ್ತು. ಭರತಖಂಡದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಇದು ಹೆಸರಾಗಿದೆ. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನ ಸಹಕಾರ ಕಾಯಿದೆಯನ್ನು ಜಾರಿಗೆ ತಂದಿತು.

ಆ ಸಂಘಗಳ ಕಟ್ಟಳೆಯಲ್ಲಿಯೇ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವಡಗಿದೆ. ಬೀಜಕ್ಕೂ ಗೊಬ್ಬರಕ್ಕೂ ತಂದ ಸಾಲದ ವಾಯಿದೆಯು ಸುಗ್ಗಿಗೇ ಬಂದು ನಿಲ್ಲುವುದು. ಆಗ ಊರಿನವರೆಲ್ಲರೂ ಒಟ್ಟಿಗೇ ಮಾರಲು ಹೊರಡುವರು. ಬೆಲೆಯು ಇಳಿಯದೆ ಮತ್ತೇನಾದೀತು? ರೈತನು ಮಾರುವ ಕಾಲವನ್ನು ಗೊತ್ತುಮಾಡುವುದು ಅವನ ಸಾಲವೇ ಹೊರತು ಪೇಟೆಯಲ್ಲ. ಸಾಹುಕಾರನು ಬಡ್ಡಿಯನ್ನು ಹೆಚ್ಚಿಸುವುದಕ್ಕೆ ದುರಾಶೆಯೊಂದೇ ಕಾರಣವೆನ್ನಲಾಗದು. ಸಾಲಗಾರನು ತೀರಿಸುವನೋ ಇಲ್ಲವೋ ಎಂಬ ಅನುಮಾನಕ್ಕೂ ಅವನು ಬೆಲೆ ಕಟ್ಟುವನು. ಆದರೆ ನೆರೆಹೊರೆಯವರಿಗೆ ಆ ಅನುಮಾನವಿಲ್ಲ. ಯಾರು ದುಡಿಯುವರು, ಯಾರು ಜೂಜಾಡುವರು ಎಂಬುದು ಊರಿಗೆಲ್ಲ ತಿಳಿದ ಸಂಗತಿ. ಆದುದರಿಂದಲೇ ಗ್ರಾಮದ ಸಂಘಗಳಲ್ಲಿ ಒಬ್ಬನ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆಯಾಗುವ ಪದ್ಧತಿಯನ್ನಿಟ್ಟರು. ಎಲ್ಲರೂ ಹೊಣೆಯಾದ ಮೇಲೆ ಎಲ್ಲರೂ ಕಾವಲುಗಾರರಾಗುವರಷ್ಟೆ.

ಅದೇ 1905ರಲ್ಲಿ ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯು ದೊರೆಯಿತು. 1909ರಲ್ಲಿ ಅವರು ಅದನ್ನು ಅಚ್ಚುಹಾಕಿಸಿದರು. ಪಾಠಶಾಲೆಯಲ್ಲಿ ಓದಿದ ನನ್ನಂಥವನಿಗೆ ಈ ಸಂಗತಿಯಿಂದ ಹೆಮ್ಮೆಯಾಗುವುದು ಸಹಜವೇ. ಆದರೂ ಒಂದು ಮಾತನ್ನು ಹೇಳಲೇಬೇಕು. ಆ ಗ್ರಂಥವು ಮುಖ್ಯವಾಗಿ ರಾಜ್ಯವನ್ನಾಳುವ ವಿದ್ಯೆ. ಕೃಷಿ, ಪಶುಪಾಲನೆ, ವಾಣಿಜ್ಯಗಳಿಗೆ ಕೌಟಿಲ್ಯನು ಕೊಡುವ ಹೆಸರು ‘ವಾರ್ತಾ’ ಎಂದು. ಇಂದು ವಾರ್ತೆಯೆಂದರೆ ಸುದ್ದಿಯೆಂದಾಗಿಬಿಟ್ಟಿದೆ. ಇಲ್ಲವಾದರೆ ನಮ್ಮ ರೈತನ ಪ್ರಶ್ನೆಗೆ ಆ ಹೆಸರೇ ಹೆಚ್ಚು ಒಪ್ಪುತ್ತಿದ್ದಿತು.

ಹೆಸರು, ನುಡಿಗಳ ಈ ಚಿಂತೆಯು ಪಂಡಿತರದು ಮಾತ್ರವೆಂದು ಯಾರೂ ತಿಳಿಯಬಾರದು. ದೇಶದ ಸಂಪತ್ತನ್ನು ಹೆಚ್ಚಿಸಲೆಂದು ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜವು ಹುಟ್ಟಿತು. ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ, ವಿದ್ಯಾಭ್ಯಾಸಗಳಿಗೆ ಬೇರೆ ಬೇರೆ ಸಮಿತಿಗಳಿದ್ದವು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಈ ಸಮಾಜದ ಪ್ರಯತ್ನದಿಂದಲೇ. ಹಣದ ಮಾತಾಡಲು ಕೂಡಿದವರು ನುಡಿಯ ಮನೆಯನ್ನು ಕಟ್ಟಬೇಕಾಯಿತು! ಜನರಿಗೆ ತಿಳಿಯದ ಮಾತಿನಲ್ಲಿ ಅಭ್ಯುದಯವನ್ನು ಬೋಧಿಸಿದರೆ ಅದು ಕಚೇರಿಯ ಕಾಗದದಲ್ಲಿಯೇ ಉಳಿಯುವುದೆಂಬುದನ್ನು ಅವರು ಅರಿತಿದ್ದರೆಂದು ನನ್ನೆಣಿಕೆ.

ಶರಣರ ಕಥೆಗಳನ್ನು ಕೇಳಿ ಬೆಳೆದವರಿಗೆ ಇಂಥ ಬೋಧನೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟೇಕೆಂದು ಕೇಳಿ ಮಿಕ್ಕುದನ್ನು ಹಿಂದಕ್ಕೆ ಕಳುಹಿಸಿದವಳು ಲಕ್ಕಮ್ಮ. ಎಷ್ಟು ಸಾಕು ಎಂಬ ಪ್ರಶ್ನೆಯನ್ನು ಎತ್ತಿದವಳು ಮನೆಯ ಹೆಂಗಸೆಂಬುದು ಗಮನಾರ್ಹವಾದುದು.

ಆ ಮೇಲೆ ನಾನು ವಿದ್ಯಾರ್ಥಿಗೆ ಒಂದು ಕೆಲಸ ಹೇಳಿದೆನು. ಭದ್ರಾ ನಾಲೆಯ ನೀರಿನಲ್ಲಿ ತಮ್ಮ ಮನೆಯವರು ಬೆಳೆದ ಒಂದು ಬೆಳೆಯ ಲೆಕ್ಕವನ್ನು ಬರೆದು ತರಬೇಕು. ಭತ್ತವನ್ನು ಎರಡು ತಿಂಗಳು ಇಟ್ಟುಕೊಂಡರೆ ತಗಲುವ ಬಡ್ಡಿ, ಗೋದಾಮಿನ ಬಾಡಿಗೆ, ಒಣಗಿ ತೂಕದಲ್ಲಿ ಕಡಿಮೆಯಾಗುವುದು, ಇಲಿಯ ಪಾಲು ಎಲ್ಲವೂ ಅದರಲ್ಲಿರಬೇಕು. ಎಂಟು ದಿನಗಳಲ್ಲಿ ಬರೆದು ತಂದನು. ಬೆಲೆಯೇರಿಕೆಯ ಬಹುಭಾಗವನ್ನು ಬಡ್ಡಿಯೇ ನುಂಗಿದ್ದಿತು. ಅಪ್ಪನು ಕಾಯದಿರುವುದು ಅಜ್ಞಾನದಿಂದಲ್ಲವೆಂದು ಅವನಿಗೆ ಮನವರಿಕೆಯಾಯಿತು. ನಾಟಿಯ ಆಳುಗಳ ಕೂಲಿ, ಕೊಯ್ಲಿನ ಯಂತ್ರದ ಬಾಡಿಗೆ, ಎಲ್ಲವನ್ನೂ ಸಾಲುಸಾಲಾಗಿ ಬರೆದಿದ್ದನು. ಕೊನೆಯ ಸಾಲು ಮಾತ್ರ ಖಾಲಿಯಾಗಿತ್ತು. ಏಕೆಂದು ಕೇಳಿದೆನು.

“ಅವ್ವನೂ ಆಳುಗಳ ಜತೆಯಲ್ಲಿಯೇ ನಾಟಿ ಮಾಡಿದರು, ಶಾಸ್ತ್ರಿಗಳೇ. ಅವರ ಕೂಲಿ ಎಷ್ಟೆಂದು ಬರೆಯಲಿ?” ಎಂದನು.